ಒಂದೂವರೆ ಮಿಲಿಮೀಟರ್

ಘಾಟ್ಕೋಪರಿನಲ್ಲಿ ರೈಲುಹಳಿಗೆ ಬೆನ್ನು ಮಾಡಿ ನಿಂತ ಒಂದು ಚಾಳ್ ಇತ್ತು, ಸಾಲು ಬಾಡಿಗೆ ಖೋಲಿಗಳ ಕಟ್ಟಡ. ನೆಲ ಅಂತಸ್ತು, ಅದರ ಮೇಲೆ ಎರಡು. ಎಂಬತ್ತರ ದಶಕದಲ್ಲಿ ನಾನು ಅದನ್ನು ಗೇಣುದ್ದಕ್ಕೆ ಇಳಿಸಿ ದಪ್ಪ ಕಾಗದದಲ್ಲಿ ಕಟ್ಟಿದ್ದೆ. ನಾನು ಕಟ್ಟಿದ್ದು ನೆಟ್ಟಗಿತ್ತು. ನಿಜವಾದದ್ದು ಬಿತ್ತು. ಬಿದ್ದಾಗ ಒಬ್ಬ ಹೆಂಗಸು ಸತ್ತರು. ಅವರ ಸಾವಿಗೆ ಅವರ ಗಂಡನೇ ಕಾರಣ ಎಂದು ತೀರ್ಮಾನವಾಗುವುದರಲ್ಲಿತ್ತು. ಅದಕ್ಕೆ ಸಾಕ್ಷಿಯಾಗಿ ವಿಚಾರಣೆಯ ಮೇಜಿನ ಮೇಲೆ ಇಟ್ಟದ್ದು ನಾನು ಕೈಯಾರೆ ಅಂಟಿಸಿದ ಕಾಗದದ ಚಾಳ್. ಇದನ್ನು ಇಷ್ಟು ವರ್ಷ ಬರೆಯದೆ ಬಿಟ್ಟದ್ದು ನಾಚಿಕೆಯಿಂದ, ಬೇರೇನೂ ಅಲ್ಲ.

ಆಗ ನಾನು ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಡಬ್ಬಿ ಬಿಡಿಸುತ್ತಿದ್ದೆ. ಔಷಧಿಯ ಡಬ್ಬಿ, ಊದುಬತ್ತಿಯ ಡಬ್ಬಿ, ಸೋಪಿನ ಡಬ್ಬಿ. ಹಾಳೆಯ ಮೇಲೆ ಎಲ್ಲಿ ಮಡಚಬೇಕು, ಎಲ್ಲಿ ಕತ್ತರಿಸಬೇಕು, ಅಂಟುಪಟ್ಟಿ ಎಲ್ಲಿ ಬರಬೇಕು ಎಂದು ಗೆರೆ ಹಾಕುವುದು ಕೆಲಸ. ಮಡಚಿದ ಮೇಲೆ ಡಬ್ಬಿ ತೊಂಬತ್ತು ಡಿಗ್ರಿಗೆ ನಿಲ್ಲಬೇಕು. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಔಷಧಿ ತುಂಬುವ ಯಂತ್ರದಲ್ಲಿ ಸಿಕ್ಕಿಕೊಂಡು ಬೈಗುಳ ನನ್ನ ಮೇಜಿಗೆ ಬರುತ್ತಿತ್ತು. ಹಾಗಾಗಿ ಓರೆಕೋರೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ಮನೆಯಲ್ಲಿ ಕ್ಯಾಲೆಂಡರ್ ವಾಲಿದ್ದರೆ ಅದನ್ನು ಸರಿಮಾಡಿಯೇ ಊಟಕ್ಕೆ ಕೂರುತ್ತಿದ್ದೆ. ದಹಿಸರಿನ ನಮ್ಮ ಬಿಲ್ಡಿಂಗಿನ ಮರಾಠಿ ಗೆಳೆಯರು ನನ್ನನ್ನು 'ಕಾಟಕೋನ್' ಎಂದು ರೇಗಿಸುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಲಂಬಕೋನ. ನನಗದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಪ್ರೆಸ್ಸಿನ ಮಾಲೀಕರು ಘಾಟ್ಕೋಪರಿನ ಗುಜರಾತಿ. ಎಲ್ಲರಿಗೂ ಶೇಠ್. ಅವರ ಫ್ಲ್ಯಾಟಿನ ಒಂದು ರೂಮಿನ ತುಂಬ ರೈಲುಹಳಿ ಹಾಸಿತ್ತು. ಆಟದ ರೈಲು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ಮಾಡೆಲ್ ಎನ್ನಬೇಕು. ಹಳಿಯ ಪಕ್ಕ ನಿಲ್ಲಿಸಲು ವಿದೇಶದಿಂದ ಕಾಗದದ ಕಟ್ಟಡಗಳ ಹಾಳೆ ತರಿಸಿದ್ದರು. ಕತ್ತರಿಸಿ, ಮಡಚಿ, ಅಂಟಿಸಿದರೆ ಮನೆಯಾಗುತ್ತದೆ. ಆದರೆ ಎಲ್ಲವೂ ಹಿಮ ಬಿದ್ದ ಮಾಡಿನ ಮನೆಗಳು, ಚೂಪು ಗೋಪುರದ ಇಗರ್ಜಿಗಳು. ಅವುಗಳ ಮಧ್ಯೆ ನಮ್ಮ ಲೋಕಲ್ಲಿನ ಬಣ್ಣ ಬಳಿದ ಗಾಡಿ ಓಡುತ್ತಿತ್ತು.

"ಅಪನಾ ಸ್ಟೇಶನ್ ಬನಾವ್, ಅಪನಾ ಚಾಲ್ ಬನಾವ್," ಎಂದರು ಶೇಠ್ ಒಂದು ದಿನ. "ತುಮ್ ಡಬ್ಬಾ ಬನಾತಾ ಹೈ ನಾ? ಘರ್ ಭೀ ಡಬ್ಬಾ ಹೀ ಹೈ."

ಮನೆಯೂ ಒಂದು ಡಬ್ಬಿಯೇ ಎಂಬ ಆ ಮಾತು ನನಗೆ ಬಹಳ ಹಿಡಿಸಿತು. ಅಚ್ಚು ಹಾಕಿ ಮಾರಲು ಆರು ಹಾಳೆಗಳ ಒಂದು ಸರಣಿ ಎಂದು ನಿಶ್ಚಯವಾಯಿತು. ಸ್ಟೇಷನ್, ಸಿಗ್ನಲ್ ಕ್ಯಾಬಿನ್, ರೈಲ್ವೆ ಗೇಟಿನವನ ಗೂಡು, ಗೂಡ್ಸ್ ಶೆಡ್, ನೀರಿನ ಟ್ಯಾಂಕ್, ಕಡೆಯದಾಗಿ ಚಾಳ್. ಶೇಠರ ರೈಲಿನ ಲೆಕ್ಕದಲ್ಲಿ ನಿಜವಾದ ಒಂದು ಅಡಿಗೆ ಕಾಗದದಲ್ಲಿ ಮೂರೂವರೆ ಮಿಲಿಮೀಟರ್. ಮೊದಲ ಐದನ್ನು ಒಂದು ಮಳೆಗಾಲ, ಒಂದು ಚಳಿಗಾಲದಲ್ಲಿ ಮುಗಿಸಿದೆ. ಸಿಗ್ನಲ್ ಕ್ಯಾಬಿನ್ನಿನ ಹೊರಮೆಟ್ಟಿಲು ಮಾತ್ರ ಪ್ರಾಣ ತಿಂದಿತು. ಹನ್ನೊಂದು ಸಲ ಬಿಡಿಸಿ, ಹನ್ನೊಂದು ಸಲ ಮಡಚಿ, ಹನ್ನೊಂದು ಸಲ ಕಸದ ಬುಟ್ಟಿಗೆ ಎಸೆದೆ. ಕಾಗದಕ್ಕೂ ದಪ್ಪವಿದೆ ಎನ್ನುವುದನ್ನು ಡಬ್ಬಿಯವನಾದ ನಾನೇ ಮರೆತಿದ್ದೆ. ಹದಿನೆಂಟು ಮೆಟ್ಟಿಲು ಮಡಚುವಷ್ಟರಲ್ಲಿ ಆ ದಪ್ಪವೇ ಕೂಡಿ ಮೆಟ್ಟಿಲು ಬಾಗಿಲನ್ನು ದಾಟಿ ಮೇಲೆ ಹೋಗುತ್ತಿತ್ತು.

ಚಾಳನ್ನು ಶೇಠರೇ ತೋರಿಸಿದರು. ಅರವತ್ತೊಂದು ಅಡಿ ಉದ್ದ, ಮುಂದೆ ಮರದ ಕಟಕಟೆಯ ಗ್ಯಾಲರಿ, ಮೇಲೆ ಮಂಗಳೂರು ಹಂಚು, ಹಿಂದೆ ಗಾರೆ ಉದುರಿದ ಇಟ್ಟಿಗೆಯ ಗೋಡೆ. ಹಿಂಗೋಡೆಗೂ ರೈಲ್ವೆ ಕಾಂಪೌಂಡಿಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಗಟಾರದ ಗಲ್ಲಿ. ಕಟ್ಟಡದ ಮಾಲೀಕ ಅಲ್ಲಿರುತ್ತಿರಲಿಲ್ಲ. ಬಾಡಿಗೆ ವಸೂಲಿಗೆ ಒಬ್ಬ ಮುಕಾದಮ ಬರುತ್ತಿದ್ದ. ಫೋಟೋ ನೋಡಿ ಬಿಡಿಸಿದರೂ ಆಗುತ್ತಿತ್ತು. ಆದರೆ ನನ್ನ ಜಂಬ ಬಿಡಬೇಕಲ್ಲ, ಟೇಪು ಹಿಡಿದೇ ಅಳೆಯುತ್ತೇನೆ ಎಂದೆ.

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಗ್ಗೆ ಹೋದೆ. ಮೇಲಂತಸ್ತಿನ ಕೊನೆಯ ಖೋಲಿಯಲ್ಲಿ ವಿಜಾಪುರದ ಕಡೆಯ ಒಬ್ಬ ಟೇಲರ್ ಇದ್ದರು. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಮಷಿನ್ ನಿಲ್ಲಿಸಿ ಎದ್ದು ಬಂದರು.

"ಬರ್ರಿ, ಬರ್ರಿ. ನೀವು ಬೆಂಗಳೂರು ಕಡೆಯವರೇನ್ರಿ? ಮಾತು ಭಾಳ ಮೆತ್ತಗೈತಿ."

"ಮೈಸೂರು. ಈ ಬಿಲ್ಡಿಂಗನ್ನ ಅಳೀಬೇಕಿತ್ತು."

"ಮಾಲಕ ಕಳಿಸ್ಯಾನೇನು?"

"ಇಲ್ಲಪ್ಪ. ಆಟದ ರೈಲಿಗೆ." ಶೇಠರು ಪಕ್ಕದಲ್ಲಿಲ್ಲದ್ದರಿಂದ ಧೈರ್ಯವಾಗಿ ಹಾಗೆಂದೆ.

ಟೇಲರ್ ನಕ್ಕುಬಿಟ್ಟರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿಯೂ ನಕ್ಕರು. ಚಾಳಿನವರೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ನಾನೂ ವೈನಿ ಎಂದೆ. ಮಷಿನ್ನಿನ ಪಕ್ಕ ಮೊಳೆಗೆ ಒಂದು ಉದ್ದನೆಯ ಪುಸ್ತಕ ತೂಗುಹಾಕಿತ್ತು, ಗಿರಾಕಿಗಳ ಅಳತೆಯದು. ದುಂಡಗೆ, ಗೆರೆ ಹಾಕಿದಂಥ ಅಂಕಿಗಳು. ಅಚ್ಚುಕಟ್ಟು ಕಂಡರೆ ನಿಲ್ಲುವವನಾದ್ದರಿಂದ ಒಂದು ಕ್ಷಣ ಅದನ್ನೇ ನೋಡಿದೆ. ಯಾರ ಕೈಬರಹ ಎಂದು ಕೇಳಲಿಲ್ಲ.

ಟೇಲರ್ ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು. ಗ್ಯಾಲರಿಯ ಕಂಬಗಳ ನಡುವಿನ ಅಂತರ, ಬಾಗಿಲ ಎತ್ತರ, ಕಟಕಟೆಯ ಪಟ್ಟಿಗಳ ಎಣಿಕೆ. ಪ್ರತಿ ಅಂತಸ್ತಿನಲ್ಲೂ ಒಂದು ಖೋಲಿಯ ಆಳ ಅಳೆದೆವು. ನೆಲದಂತಸ್ತಿನಲ್ಲಿ ಹನ್ನೊಂದು ಅಡಿ ಎರಡು ಇಂಚು. ಮೊದಲನೆಯದರಲ್ಲಿ ಹನ್ನೊಂದು ಅಡಿ ನಾಲ್ಕು. ಮೇಲಿನದರಲ್ಲಿ, ಅಂದರೆ ಟೇಲರ್ ಖೋಲಿಯಲ್ಲಿ, ಹನ್ನೊಂದು ಅಡಿ ಏಳು. ಎಲ್ಲವನ್ನೂ ನನ್ನ ನೋಟ್ ಪುಸ್ತಕದಲ್ಲಿ, ಪುಟದ ಮೇಲೆ ತಾರೀಖು ಹಾಕಿ ಶಾಯಿಯಲ್ಲಿ ಬರೆದುಕೊಂಡೆ. ಅದು ನನ್ನ ಅಭ್ಯಾಸ.

ಉಳಿದದ್ದು ಹಿಂಗೋಡೆಯ ಎತ್ತರ. ಮೇಲಿನ ಕಿಟಕಿಯಿಂದ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು, ಕೆಳಗೆ ಒಬ್ಬರು ನೋಡಬೇಕು. ಕೆಳಗೆ ಎಂದರೆ ಆ ಗಟಾರದ ಗಲ್ಲಿ. ಮೇಲಿನಿಂದ ಇಣುಕಿದರೇ ಮೂಗು ಮುಚ್ಚಿಕೊಳ್ಳಬೇಕು. ನಾನು ಅಂದು ಇಸ್ತ್ರಿ ಮಾಡಿದ ಪ್ಯಾಂಟ್ ಹಾಕಿದ್ದೆ. ಟೇಲರ್ ಗಿರಾಕಿ ಬಂದರೆಂದು ಮಷಿನ್ನಿಗೆ ಮರಳಿದ್ದರು.

"ನೀವು ಬ್ಯಾಡ್ರಿ, ನಾ ಹೋಗ್ತೀನಿ," ಎಂದರು ವೈನಿ. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಮರದ ಅಡಿಪಟ್ಟಿ ಕೊಟ್ಟೆ. ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು ಗಲ್ಲಿಗೆ ಇಳಿದರು.

ಕಿಟಕಿಯ ಕೆಳಗೆ ಗೋಡೆಯ ಮೈಗೆ ತಾಗಿಸಿ ದಾರ ಹಿಡಿದೆ. ಗುಂಡು ಕೆಳಗಿಳಿಯಿತು. ಎತ್ತರದ ಗುರುತು ಮಾಡಿಯಾಯಿತು. ಅಷ್ಟರಲ್ಲಿ ವೈನಿ ಕೆಳಗಿನಿಂದ ಕೂಗಿದರು, "ಗುಂಡು ಗ್ವಾಡಿಗೆ ಹತ್ತಂಗಿಲ್ಲಲ್ರೀ. ದೂರ ನಿಂತೈತಿ."

"ಎಷ್ಟು ದೂರ?"

"ಐದು ಇಂಚು."

ಮೇಲೆ ಗೋಡೆಗೆ ತಾಗಿದ ದಾರ ಕೆಳಗೆ ಐದು ಇಂಚು ದೂರ ನಿಲ್ಲಬೇಕಾದರೆ ಗೋಡೆ ಹೊರಕ್ಕೆ ವಾಲಿರಬೇಕು. ನನಗೆ ತಟ್ಟನೆ ಸಿಟ್ಟು ಬಂತು, ಅವರ ಮೇಲೆ. "ದಾರ ಗಾಳಿಗೆ ಆಡ್ತಿದೆ, ಸರಿಯಾಗಿ ನೋಡಿ," ಎಂದೆ. ಅವರು ಕಾದರು. ಮತ್ತೆ ಹೇಳಿದರು, ಐದು. ಒಂದು ಫಾಸ್ಟ್ ಲೋಕಲ್ ಹಾದುಹೋಯಿತು. ಕಿಟಕಿಯ ಸರಳು ಗಡಗಡ ಅಂದಿತು. ಅದು ಹೋದ ಮೇಲೆ ಮೂರನೆಯ ಸಲ ಬಗ್ಗಿ ನೋಡಿ, "ಐದೇ ಐತ್ರೀ," ಎಂದರು. "ಪಟ್ಟಿ ಸೊಟ್ಟ ಹಿಡಿದಿರ್ತೀರಿ, ಬಿಡಿ," ಎಂದು ದಾರ ಸುತ್ತಿಕೊಂಡೆ. ಪುಸ್ತಕದಲ್ಲಿ ಐದು ಎಂದು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ವೈನಿ ಮೇಲೆ ಬಂದು ಕಾಲು ತೊಳೆದುಕೊಂಡು ನನಗೆ ಚಹಾ ಮಾಡಿದರು.

ಜೋಗೇಶ್ವರಿಯ ಮೇಜಿನಲ್ಲಿ ಬಿಡಿಸಲು ಕುಳಿತಾಗ ಆ ಪುಟ ಎದುರಿಗಿತ್ತು. ಒಳಗಿನ ಅಳತೆ ನೋಡಿದೆ. ಕೆಳಗೆ ಎರಡು ಇಂಚು, ಮೇಲೆ ಏಳು. ವ್ಯತ್ಯಾಸ ಐದು. ಒಳಗೆ ಅಳೆದರೂ ಐದು, ಹೊರಗೆ ಅಳೆದರೂ ಐದು. ನಾನು ದಡ್ಡನಲ್ಲ, ಎರಡೂ ಒಂದೇ ಮಾತು ಹೇಳುತ್ತಿವೆ ಎಂದು ಆಗಲೇ ಗೊತ್ತಾಯಿತು. ಆದರೆ ಮನಸ್ಸು ಬೇಡದ್ದಕ್ಕೆಲ್ಲ ಒಂದೊಂದು ನೆಪ ಹುಡುಕುತ್ತದೆ. ಹಳೆಯ ಕಟ್ಟಡಗಳಲ್ಲಿ ಮೇಲಂತಸ್ತಿನ ಗೋಡೆ ತೆಳ್ಳಗಿರುತ್ತದೆ, ಅದಕ್ಕೇ ಒಳಗೆ ಜಾಗ ಹೆಚ್ಚು ಎಂದುಕೊಂಡೆ. ಹೊರಗಿನದಕ್ಕೆ ಗಾಳಿ ಇತ್ತು, ವೈನಿ ಇದ್ದರು.

ಆದರೂ ಮೊದಲ ನಮೂನೆಯನ್ನು ಪುಸ್ತಕದಲ್ಲಿದ್ದ ಹಾಗೆಯೇ ಕತ್ತರಿಸಿದೆ. ಐದು ಇಂಚು ಎಂದರೆ ಕಾಗದದಲ್ಲಿ ಒಂದೂವರೆ ಮಿಲಿಮೀಟರ್. ಎರಡು ಪಕ್ಕದ ಗೋಡೆಗಳನ್ನು ಮೇಲೆ ಅಷ್ಟು ಅಗಲ ಬಿಟ್ಟು ಅಂಟಿಸಿದೆ. ಹಿಂಗೋಡೆ ಹೊರಕ್ಕೆ ವಾಲಿತು. ಮಾಡು ಕೂರಲಿಲ್ಲ, ಹಿಂದಿನ ಅಂಚಿನಲ್ಲಿ ಬಿರುಕು ಬಿಟ್ಟುಕೊಂಡಿತು. ಶೇಠ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಟೇಢಾ ಹೈ. ಗ್ರಾಹಕ್ ಬೋಲೇಗಾ ಕಿ ಪ್ರಿಂಟಿಂಗ್ ಖರಾಬ್ ಹೈ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸೊಟ್ಟ ಕಂಡರೆ ಕೊಂಡವನು ಛಾಪಿಸಿದವನನ್ನೇ ಬೈಯುತ್ತಾನೆ. ಮಾಡೆಲ್ ಕಟ್ಟುವವನಿಗೆ ನೇರ ಗೆರೆ ಬೇಕು, ಕೂರುವ ಮಾಡು ಬೇಕು. ಸೆಟ್‌ಸ್ಕ್ವೇರ್ ಇಟ್ಟು ಪಕ್ಕದ ಗೋಡೆಗೆ ಹೊಸ ಗೆರೆ ಎಳೆದೆ. ತೊಂಬತ್ತು ಡಿಗ್ರಿ. ಅರ್ಧ ನಿಮಿಷದ ಕೆಲಸ. ಹಳೆಯ ನಮೂನೆಯನ್ನು ಡ್ರಾಯರಿನ ಕೆಳಗೆ ತುರುಕಿದೆ.

ಆಮೇಲಿನ ಎರಡು ತಿಂಗಳು ಇಟ್ಟಿಗೆಯಲ್ಲಿ ಹೋಯಿತು. ಒಂದು ಅಂಗೈಯಗಲ ಇಟ್ಟಿಗೆಗಳನ್ನು ಕೈಯಿಂದ ಬಿಡಿಸಿ, ಕ್ಯಾಮೆರಾ ವಿಭಾಗದಲ್ಲಿ ಪ್ರತಿ ತೆಗೆಸಿ, ಜೋಡಿಸಿ ಅಂಟಿಸಿ, ಜೋಡಣೆ ಕಾಣದ ಹಾಗೆ ಬಣ್ಣ ಹಚ್ಚಿದೆ. ಹಿಂಗೋಡೆಗೆ ಪಾಚಿಯ ಕಲೆ, ಪೈಪಿನ ತುಕ್ಕು, ಮೇಲಿನ ಕೊನೆಯ ಕಿಟಕಿಯಲ್ಲಿ ಒಣಹಾಕಿದ ಒಂದು ಹಸಿರು ಸೀರೆ. ಕಿಟಕಿಯ ಮೂಲೆಯಿಂದ ಇಳಿದ ಒಂದು ಬಿರುಕನ್ನೂ ಬಿಡಿಸಿದ್ದೆ, ಅಂದ ಎಂದು. ಹಾಳೆಯ ಅಂಚಿನಲ್ಲಿ 'ಸ್ಥಳದಲ್ಲೇ ತೆಗೆದ ಅಳತೆಗಳ ಪ್ರಕಾರ' ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದೆ. ಅದು ಶೇಠರ ಮಾತಲ್ಲ, ನನ್ನದೇ.

ಗಣಪತಿ ಹಬ್ಬದ ಹೊತ್ತಿಗೆ ಹಾಳೆ ಹೊರಬಂತು. ಒಂದನ್ನು ಕಟ್ಟಿ ಚಾಳಿಗೆ ಒಯ್ದೆ. ಗ್ಯಾಲರಿಯ ತುಂಬ ಜನ ಸೇರಿದರು. ಎಲ್ಲರಿಗೂ ತಂತಮ್ಮ ಬಾಗಿಲು ತೋರಿಸಬೇಕು. ವೈನಿ ಅಂಗೈಯಲ್ಲಿಟ್ಟುಕೊಂಡು ಹಿಂದೆ ತಿರುಗಿಸಿದರು. ತಮ್ಮ ಸೀರೆ ಕಂಡು ಖುಷಿಯಾದರು. ಆಮೇಲೆ ಒಂದು ಕಣ್ಣು ಮುಚ್ಚಿ ಗೋಡೆಯ ಅಂಚನ್ನು ನೋಡಿದರು.

"ನಮ್ಮ ಗ್ವಾಡಿ ಭಾಳ ಸೀದಾ ಮಾಡೀರಲ್ರೀ."

"ಕಾಗದದ್ದಲ್ವಾ, ಹೇಳಿದ ಮಾತು ಕೇಳುತ್ತೆ," ಎಂದೆ. ಎಲ್ಲರೂ ನಕ್ಕರು. ವೈನಿ ನಕ್ಕರೋ ಇಲ್ಲವೋ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ದೀಪಾವಳಿಯ ನಂತರ ಟೇಲರ್ ಖೋಲಿಯೊಳಗೆ ಪೋಟ್‌ಮಾಳಾ ಹಾಕಿಸಿದರು. ಚಾಳಿನಲ್ಲಿ ಜಾಗ ಸಾಲದವರೆಲ್ಲ ಮಾಡುವ ಕೆಲಸ ಅದು. ತಲೆಯ ಮೇಲೆ ಹಲಗೆಯ ಅಟ್ಟ, ಬಟ್ಟೆಯ ಗಂಟು ಇಡಲು. ಅದಕ್ಕೆ ಕಬ್ಬಿಣದ ಒಂದು ತೊಲೆ ಬೇಕು. ತೊಲೆಯ ತುದಿ ಹಿಂಗೋಡೆಯೊಳಗೆ ಹೋಯಿತು. ಮುಕಾದಮನೇ ಬಂದು ನೋಡಿ ಹೋಗಿದ್ದ.

ಮುಂದಿನ ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾಲ್ಕನೆಯ ದಿನ ಬೆಳಗ್ಗೆ ಶೇಠ್ ಪ್ರೆಸ್ಸಿಗೆ ಬಂದವರು ಒದ್ದೆ ಛತ್ರಿಯನ್ನು ಕೈಯಲ್ಲೇ ಹಿಡಿದು ನನ್ನ ಮೇಜಿನ ಮುಂದೆ ನಿಂತರು. "ವೋ ಚಾಲ್... ಪೀಛೇ ಕಾ ದೀವಾರ್ ಗಿರ್ ಗಯಾ. ಕಲ್ ದೋಪಹರ್ ಕೋ." ಹಿಂಗೋಡೆ ಬಿದ್ದಿತ್ತು, ಹಿಂದಿನ ದಿನ ಮಧ್ಯಾಹ್ನ. ಮುಂದಿನದನ್ನು ಕೇಳುವ ಮೊದಲೇ ಯಾವ ಮೂಲೆ ಎಂದು ಗೊತ್ತಿತ್ತು.

ನಾನು ಹೋದಾಗ ಮಳೆ ನಿಂತಿತ್ತು. ಮೇಲಂತಸ್ತಿನ ಮೂರು ಖೋಲಿಗಳ ಹಿಂಗೋಡೆ ಗಟಾರದ ಗಲ್ಲಿಗೆ ಕುಸಿದಿತ್ತು. ಅದರೊಂದಿಗೆ ಕೊನೆಯ ಖೋಲಿಯ ನೆಲವೂ ಹೋಗಿತ್ತು. ಗೋಡೆಯಿಲ್ಲದ ಖೋಲಿಯಲ್ಲಿ ಗಿರಾಕಿಗಳ ಆ ಅಳತೆ ಪುಸ್ತಕ ಮೊಳೆಗೆ ಹಾಗೇ ತೂಗುತ್ತಿತ್ತು. ಟೇಲರ್ ಹೊಲಿದ ಬಟ್ಟೆ ಕೊಡಲು ಹೋಗಿದ್ದರಿಂದ ಉಳಿದಿದ್ದರು. ಪಕ್ಕದ ಖೋಲಿಗಳ ಇಬ್ಬರಿಗೆ ಗಾಯವಾಗಿತ್ತು. ವೈನಿಯನ್ನು ಹೊರತೆಗೆಯಲು ಸಂಜೆಯಾಗಿತ್ತಂತೆ. ಅವರನ್ನು ಹೊರತೆಗೆದದ್ದು ಅವರು ಅಂದು ಅಡಿಪಟ್ಟಿ ಹಿಡಿದು ಬಗ್ಗಿ ನಿಂತಿದ್ದ ಜಾಗದ ಹತ್ತಿರದಲ್ಲೇ. ನಾನು ಟೇಲರ್ ಹತ್ತಿರ ಹೋಗಿ ನಿಂತೆ.

ಹತ್ತು ದಿನದ ನಂತರ ಪ್ರೆಸ್ಸಿಗೆ ಒಬ್ಬ ಎಂಜಿನಿಯರ್ ಬಂದ. ವಿಚಾರಣೆ ನಡೆಯಲಿದೆ, ಕಟ್ಟಡ ಹೇಗಿತ್ತೆಂದು ಅಧಿಕಾರಿಗೆ ತಿಳಿಯಲು ನಿಮ್ಮ ಮಾಡೆಲ್ ಸಹಾಯವಾಗುತ್ತದೆ ಎಂದ. ಸತ್ತವರಿಗೆ ನನ್ನಿಂದಾಗುವ ಉಪಕಾರ ಎಂದು ಭಾವಿಸಿ, ಒಂದು ಹಾಳೆಯನ್ನು ಇಡೀ ದಿನ ಕುಳಿತು ಅಂಟಿಸಿದೆ. ಅಷ್ಟು ನೀಟಾಗಿ ಇನ್ಯಾವುದನ್ನೂ ಕಟ್ಟಿರಲಿಲ್ಲ. ಅವನು ಚಾಳಿನ ಮಾಲೀಕನ ಎಂಜಿನಿಯರ್. ಯಾರ ಕಡೆಯವನೆಂದು ಕೇಳುವಷ್ಟು ಬುದ್ಧಿ ನನಗೆ ಇರಲಿಲ್ಲ.

ಅದನ್ನು ಹೇಳಿದವರು ಟೇಲರ್. ಆಗ ಅವರು ಜೋಗೇಶ್ವರಿಯಲ್ಲೇ ಅಣ್ಣನ ಖೋಲಿಯಲ್ಲಿದ್ದರು. ಒಂದು ಮಧ್ಯಾಹ್ನ ಪ್ರೆಸ್ಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಗಡ್ಡ ಬೆಳೆದಿತ್ತು.

"ನಿಮ್ಮ ಕಾಗದದ ಮನಿ ತಂದು ಮೇಜಿನ ಮ್ಯಾಲ ಇಟ್ರು ನೋಡ್ರಿ," ಎಂದರು. "ಹೋದ ವರ್ಷ ಅಳತಿ ತಗೊಂಡು ಮಾಡಿದ್ದು, ಗ್ವಾಡಿ ಸೀದಾ ಐತಿ. ಆಮ್ಯಾಗ ಈತ ತೊಲಿ ಹಾಕ್ಯಾನ, ತೂತು ಕೊರದಾನ, ಅದಕ್ಕ ಬಿತ್ತು ಅಂತಾರ. ನನ್ನ ಮ್ಯಾಲ ಕೇಸ್ ಹಾಕ್ತಾರಂತ. ಹೆಂಡ್ತಿನ ನಾನs ಕೊಂದೀನಿ ಅಂತ."

"ಗೋಡೆ ಮೊದಲೇ ವಾಲಿತ್ತು ಅಂತ ನೀವ್ಯಾರೂ ಹೇಳಲಿಲ್ವಾ?"

"ಎಲ್ಲಾರೂ ಹೇಳಿದ್ವಿ. ಬಾಡಿಗಿ ಮಂದಿ ಹಿಂಗs ಹೇಳೋರು ಅಂದ್ರು." ನನ್ನ ಮೇಜಿನ ಮೇಲೆ ಕಣ್ಣಾಡಿಸಿದರು. "ನೀವು ಪುಸ್ತಕದಾಗ ಬರಕೊಂಡಿದ್ರಲ್ಲ, ಅದು ಐತೇನ್ರಿ?"

ಪುಸ್ತಕ ನನ್ನ ಮೊಣಕೈಯಿಂದ ಒಂದಡಿ ದೂರದ ಡ್ರಾಯರಿನಲ್ಲಿತ್ತು. "ಹುಡುಕಬೇಕು," ಎಂದೆ. ಟೇಲರ್ ತಲೆಯಾಡಿಸಿ ಹೋದರು. ಶೇಠ್ ಗಾಜಿನ ಆಚೆಯಿಂದ ಎಲ್ಲ ನೋಡಿದ್ದರು. ನನ್ನನ್ನು ಒಳಗೆ ಕರೆದು, ಇದರಲ್ಲಿ ಬೀಳಬೇಡ, ಅಳತೆಯ ಪ್ರಕಾರ ಎಂದು ಅಚ್ಚು ಹಾಕಿ ಸುಳ್ಳು ಮಾರಿದೆವು ಎಂದಾಗುತ್ತದೆ, ನಾಳೆ ಔಷಧಿ ಕಂಪನಿಗಳು ನಮ್ಮ ಗೆರೆಯನ್ನು ನಂಬುವುದಿಲ್ಲ ಎಂದರು. ಅವರು ಕೆಟ್ಟವರಲ್ಲ. ನಾನು ಹೇಳಿಕೊಳ್ಳಬೇಕೆಂದಿದ್ದ ಕಾರಣವನ್ನೇ ಅವರು ಹೇಳಿದರು.

ಮೇಜಿಗೆ ಮರಳಿ ಪುಟ ತೆರೆದೆ. ಎಲ್ಲ ಇತ್ತು. ತಾರೀಖು, ಎರಡು, ನಾಲ್ಕು, ಏಳು, ಐದು. ಐದರ ಮುಂದೆ ಆ ಪ್ರಶ್ನಾರ್ಥಕ. ಅದೊಂದು ಇಲ್ಲದಿದ್ದರೆ ಕೊಡಬಹುದು ಎನ್ನಿಸಿತು. ನಮ್ಮ ಕೆಲಸದಲ್ಲಿ ಶಾಯಿಯ ತಪ್ಪು ತೆಗೆಯುವುದು ಅರ್ಧ ಬ್ಲೇಡಿನಿಂದ, ಮೇಲಿಂದ ಮೇಲೆ ಕೆರೆದು, ಉಗುರಿನಿಂದ ಉಜ್ಜಿ. ನನ್ನಷ್ಟು ಚೆನ್ನಾಗಿ ಅದನ್ನು ಮಾಡುವವರು ಎಸ್ಟೇಟಿನಲ್ಲಿ ಇರಲಿಲ್ಲ. ಬ್ಲೇಡು ತೆಗೆದುಕೊಂಡೆ. ಚಿಹ್ನೆಯ ಕೆಳಗಿನ ಚುಕ್ಕೆಯನ್ನು ಕೆರೆದೂ ಬಿಟ್ಟೆ. ಆಮೇಲೆ ಕೈ ನಿಂತಿತು. ಗೋಡೆಯನ್ನು ಒಮ್ಮೆ ನೆಟ್ಟಗೆ ಮಾಡಿದ್ದೆ. ಈಗ ನನ್ನನ್ನು ನೆಟ್ಟಗೆ ಮಾಡಿಕೊಳ್ಳಲು ಹೊರಟಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಬ್ಲೇಡನ್ನು ಡಬ್ಬಿಗೆ ಹಾಕಿದೆ, ಡ್ರಾಯರಿನ ತಳದಿಂದ ಹಳೆಯ ಸೊಟ್ಟ ನಮೂನೆಯನ್ನು ಎಳೆದು ತೆಗೆದೆ, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಶೇಠರಿಗೆ ಹೇಳಿ ಟೇಲರ್ ಅಣ್ಣನ ಖೋಲಿ ಹುಡುಕಿಕೊಂಡು ಹೋದೆ. ಶೇಠ್ ತಡೆಯಲಿಲ್ಲ.

ವಿಚಾರಣೆ ಮರಾಠಿ, ಹಿಂದಿ ಎರಡರಲ್ಲೂ ನಡೆಯಿತು. ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ. ಅಧಿಕಾರಿ ದಣಿದ ಮುಖದ, ಕಡಿಮೆ ಮಾತಿನ ಮನುಷ್ಯ. ಮೇಜಿನ ಮೇಲೆ ನನ್ನ ಎರಡು ಚಾಳುಗಳೂ ಅಕ್ಕಪಕ್ಕ ಕುಳಿತವು. ಒಂದು ನೆಟ್ಟಗೆ, ಚಂದವಾಗಿ. ಇನ್ನೊಂದು ಬಣ್ಣವಿಲ್ಲದ ಬಿಳಿ ಕಾಗದದ್ದು, ಮಾಡು ಬಾಯಿ ಬಿಟ್ಟದ್ದು. ನಾನು ಪುಸ್ತಕ ತೋರಿಸಿ, ಹೊರಬಂದ ಹಾಳೆಯಲ್ಲಿ ಗೋಡೆಯನ್ನು ನೇರ ಮಾಡಿದ್ದು ನಾನೇ ಎಂದೆ.

ಎಂಜಿನಿಯರ್ ಪುಟವನ್ನು ಸಾವಧಾನವಾಗಿ ನೋಡಿದ. ಒಳಗಿನ ಅಳತೆಗೆ ಅರ್ಥವಿಲ್ಲ, ಮೇಲಂತಸ್ತಿನ ಗೋಡೆ ತೆಳ್ಳಗಿರುವುದು ಸಹಜ ಎಂದ. ನಾನು ನನಗೆ ಹೇಳಿಕೊಂಡಿದ್ದ ಅದೇ ಮಾತು.

"ಹೊರಗೆ ಇಳಿಬಿಟ್ಟ ದಾರಕ್ಕೂ ಗೋಡೆಯ ದಪ್ಪಕ್ಕೂ ಸಂಬಂಧವಿಲ್ಲ," ಎಂದೆ.

"ಅದರ ಮುಂದೆ ಪ್ರಶ್ನೆ ಹಾಕಿದ್ದೀರಿ. ಅಳೆದವರಿಗೇ ನಂಬಿಕೆ ಇರಲಿಲ್ಲ."

ಅಧಿಕಾರಿ ನನ್ನ ಕಡೆ ನೋಡಿದರು. "ಯಾಕೆ ಹಾಕಿದಿರಿ?"

ಹಿಂದಿನ ಬೆಂಚಿನಲ್ಲಿ ಟೇಲರ್ ಕುಳಿತಿದ್ದರು. ಅವರ ಕಡೆ ತಿರುಗುವ ಧೈರ್ಯವಾಗಲಿಲ್ಲ. "ಮೇಲಿದ್ದವನು ನಾನು. ಕೆಳಗೆ ಗಟಾರದಲ್ಲಿ ನಿಂತು ಅಳತೆ ಓದಿದ್ದು ಒಬ್ಬ ಹೆಂಗಸು. ಮೂರು ಸಲ ಓದಿದರು. ಮೂರು ಸಲವೂ ಐದು ಎಂದರು. ಅವರಿಗೆ ಓದಲು ಬರುವುದಿಲ್ಲ ಎಂದುಕೊಂಡೆ. ಆ ಚಿಹ್ನೆ ಗೋಡೆಯ ಬಗ್ಗೆ ಅಲ್ಲ, ಅವರ ಬಗ್ಗೆ."

"ಆಮೇಲೆ ಯಾರಿಗಾದರೂ ಹೇಳಿದಿರಾ? ಮಾಲೀಕರಿಗೆ? ವಾಸವಿದ್ದವರಿಗೆ?"

"ಇಲ್ಲ."

"ಹದಿನೈದು ತಿಂಗಳು?"

"ಇಲ್ಲ."

ಗುಮಾಸ್ತ ಬರೆದುಕೊಳ್ಳುತ್ತಿದ್ದ. ಆ ಹೆಂಗಸಿಗೆ ಅಡಿಪಟ್ಟಿ ಓದಲು ಬರುತ್ತಿತ್ತೆಂದು ಹೇಗೆ ಗೊತ್ತು ಎಂದು ಎಂಜಿನಿಯರ್ ಕೇಳಿದ. ಹಿಂದಿನಿಂದ ಬೆಂಚು ಸರಿದ ಸದ್ದಾಯಿತು. ಟೇಲರ್ ಎದ್ದು ಬಂದು ಚೀಲದಿಂದ ಆ ಉದ್ದನೆಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮಳೆಗೆ ನೆನೆದು ಉಬ್ಬಿತ್ತು. ಅವರ ಹಿಂದಿ ಅಷ್ಟಕ್ಕಷ್ಟೇ, ಆದರೂ ಅಂದು ಎಲ್ಲರಿಗೂ ತಿಳಿಯಿತು. ಇಪ್ಪತ್ತು ವರ್ಷದಿಂದ ನಾನು ಟೇಪು ಹಿಡಿಯುತ್ತೇನೆ, ಬರೆದುಕೊಳ್ಳುವವಳು ಅವಳು, ಕಾಲು ಇಂಚಿನ ತಪ್ಪಿಗೆ ಒಂದು ಬಟ್ಟೆಯೂ ವಾಪಸ್ ಬಂದಿಲ್ಲ ಎಂದರು. ಅಧಿಕಾರಿ ಪುಟ ತಿರುವಿದರು. ಪುಟದ ಮೇಲೆ ಪುಟ, ಅವೇ ದುಂಡಗಿನ ಅಂಕಿಗಳು. ಎಂಜಿನಿಯರ್ ಮತ್ತೆ ಆ ಮಾತು ಎತ್ತಲಿಲ್ಲ.

ಗುಮಾಸ್ತ ನನ್ನ ಹೇಳಿಕೆಯನ್ನು ಓದಿ ಹೇಳಿ, ಒಂದು ಜಾಗದಲ್ಲಿ ನಿಲ್ಲಿಸಿದ. "ಅಳತೆ ಓದಿದವರ ಹೆಸರು?"

"ವೈನಿ," ಎಂದೆ.

"ಹೆಸರು ಬೇಕು."

ಅವರ ಕೈಯ ಚಹಾ ಕುಡಿದಿದ್ದೆ, ಅವರ ಸೀರೆಯ ಬಣ್ಣವನ್ನು ಹಾಳೆಯಲ್ಲಿ ಅಚ್ಚು ಹಾಕಿಸಿದ್ದೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ.

"ನೀಲವ್ವ," ಎಂದರು ಟೇಲರ್, ಪಕ್ಕದಿಂದ. ಗುಮಾಸ್ತ ಬರೆದುಕೊಂಡ. ನಾನು ಕೆಳಗೆ ಸಹಿ ಹಾಕಿದೆ.

ಗೋಡೆ ಪೋಟ್‌ಮಾಳಾಕ್ಕಿಂತ ಮೊದಲೇ ವಾಲಿತ್ತು ಎಂದು ಆಮೇಲೆ ತೀರ್ಮಾನವಾಗಿ ಟೇಲರ್ ಮೇಲಿನ ಆರೋಪ ಬಿದ್ದುಹೋಯಿತು. ಮಾಲೀಕನ ಮೇಲಿನ ಕೇಸು ಎಲ್ಲಿಗೆ ಮುಟ್ಟಿತೋ ನನಗೆ ತಿಳಿಯಲಿಲ್ಲ. ಶೇಠ್ ಉಳಿದ ಹಾಳೆಗಳನ್ನು ರದ್ದಿಗೆ ಹಾಕಿದರು. ತಮ್ಮ ರೂಮಿನ ಹಳಿಯ ಪಕ್ಕದಿಂದಲೂ ಆ ಚಾಳನ್ನು ಎತ್ತಿಬಿಟ್ಟರು.

ಅಂದು ವಿಚಾರಣೆ ಮುಗಿಸಿ ನಾವಿಬ್ಬರೂ ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಟೇಲರ್ ನನ್ನ ಚೀಲದಿಂದ ಸೊಟ್ಟ ನಮೂನೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಧಿಕಾರಿ ಅದರ ಚಿತ್ರ ಬರೆಸಿಕೊಂಡು ವಾಪಸ್ ಕೊಟ್ಟಿದ್ದರು. ವಾಲಿದ ಗೋಡೆಯ ಮೇಲೆ ಬೆರಳಾಡಿಸಿ, "ಇದು ನೋಡ್ರಿ ನಮ್ಮನಿ," ಎಂದರು. ನಾನು ಕ್ಷಮಿಸಿ ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಅವರು ಕೈ ಅಡ್ಡ ಮಾಡಿ ತಡೆದರು.

"ಅವತ್ತ ಸಂಜಿಗೆ ಆಕಿ ನನಗೂ ಹೇಳಿದ್ಲರಿ. ಮೂರು ಸರ್ತಿ ನೋಡೀನಿ, ಐದು ಇಂಚು ಹೊರಗ ಐತಿ, ಆ ಸಾಹೇಬರು ನಂಬಲಿಲ್ಲ ಅಂತ."

"ನೀವೇನಂದ್ರಿ?"

ಅವರು ಗೋಡೆಯಿಂದ ಬೆರಳು ತೆಗೆಯಲಿಲ್ಲ.

"ಅಂಗಿ ಅಳತಿ ಬ್ಯಾರೆ, ಮನಿ ಅಳತಿ ಬ್ಯಾರೆ, ನಿನಗೇನ ತಿಳಿತೈತಿ ಅಂದೆ," ಎಂದರು. "ಅಂದು, ದೀಪ ಹಚ್ಚು ಅಂದೆ."